ಟ್ರಂಕಿನ ಕುಬಸದ ಕಣ, ಅಟ್ಟದ ಹಂಡೆ

ಲಾತೂರು ಜಿಲ್ಲೆಯ ನಿಲಂಗಾದ ಸುತ್ತ ಯಾವ ಮನೆಯ ಟ್ರಂಕು ತೆಗೆದರೂ ಮೊದಲು ಕೈಗೆ ಬರುವುದು ಕುಬಸದ ಕಣ. ಉಡಿ ತುಂಬಿದಾಗ ಬಂದದ್ದು, ಲಗ್ನದ ಉಡುಗೊರೆಯಾಗಿ ಆಯೇರಿಯಲ್ಲಿ ಬಂದದ್ದು. ಅದರಡಿ ಟಾವೆಲು, ಟೊಪ್ಪಿಗೆ. ಕಣ ಹೊಲಿಸಲು ಸಾಲದು, ಟೊಪ್ಪಿಗೆ ಯಾರ ತಲೆಗೂ ಕೂಡದು. ಆದರೂ ಮಡಿಕೆ ಮುರಿಯದೆ ಇಟ್ಟಿರುತ್ತಾರೆ, ಮುಂದಿನ ಲಗ್ನದಲ್ಲಿ ಕೊಡಲಿಕ್ಕೆ.

ಮನೆ ತುಂಬುವುದು ಹೆಂಗಸರ ಆಸೆಯಿಂದ ಎನ್ನುವವರು ಈ ಟ್ರಂಕನ್ನು ನೋಡಬೇಕು. ಇಲ್ಲಿರುವುದರಲ್ಲಿ ಅವರು ಬೇಡಿ ತಂದದ್ದು ಒಂದೂ ಇಲ್ಲ. ಎಲ್ಲವೂ ಮರ್ಯಾದೆಗೆ ಬಂದದ್ದು, ಮರ್ಯಾದೆಗೇ ಉಳಿದದ್ದು. ಆದ್ದರಿಂದ ಟ್ರಂಕು ಖಾಲಿ ಮಾಡಿದರೆ ಸಾಲದು, ಮುಂದಿನ ಲಗ್ನಕ್ಕೆ ಮತ್ತೆ ತುಂಬುತ್ತದೆ. ಲಗ್ನಪತ್ರಿಕೆಯಲ್ಲಿ ‘ಆಯೇರಿ ತರಬಾರದು’ ಎಂದು ಅಚ್ಚು ಹಾಕಿಸುವ ಮನೆತನಗಳಿವೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಹಳೆ ಸೀರೆ ಕೊಟ್ಟು ಸ್ಟೀಲಿನ ಪಾತ್ರೆ ತೆಗೆದುಕೊಂಡರೆ ಅಡಚಣೆ ಹೋಯಿತು ಎಂಬುದೂ ನಿಜವಲ್ಲ. ಗಂಟು ಹೋಗುತ್ತದೆ, ಮಾಡದಲ್ಲಿ ಹನ್ನೆರಡನೆಯ ಡಬರಿ ಕೂಡುತ್ತದೆ. ಅದೇ ಸೀರೆಯಿಂದ ಕೌದಿ ಹೊಲಿದರೆ ಚಳಿಗಾಲಕ್ಕೆ ಹೊದಿಕೆಯಾಗುತ್ತದೆ.

ಸರಳ ಬಾಳು ಎಂದರೆ ಎಲ್ಲವನ್ನೂ ಹೊರಗೆ ಹಾಕುವುದು ಎಂಬ ಪಟ್ಟಣದ ಮಾತು ಕೇಳಿ ಕೊಡಗಳನ್ನು ಗುಜರಿಗೆ ಹಾಕಬೇಡಿ. 2016ರ ಏಪ್ರಿಲ್‌ನಲ್ಲಿ ಮೀರಜ್‌ನಿಂದ ಲಾತೂರಿಗೆ ರೈಲಿನಲ್ಲಿ ನೀರು ತಂದ ಜಿಲ್ಲೆ ನಮ್ಮದು. ಬರದ ನಾಡಿನಲ್ಲಿ ಹತ್ತು ಕೊಡ ಹೆಚ್ಚಲ್ಲ. ಜೋಳವೂ ಹಾಗೆಯೇ, ವರ್ಷಕ್ಕಾಗುವಷ್ಟು ಇರಲಿ. ಆದರೆ ಹಳೆ ಚೀಲದ ತಳದಲ್ಲಿ ಉಳಿದ ಕಾಳಿನ ಮೇಲೆ ಹೊಸ ಜೋಳ ಸುರಿಯಬಾರದು. ಹಳೆಯದರ ನುಸಿ ಹೊಸದಕ್ಕೂ ಹತ್ತುತ್ತದೆ.

ಎಲ್ಲಕ್ಕಿಂತ ಅಪಾಯದ ನಂಬಿಕೆ ಒಂದಿದೆ: ಮೇಲಿಟ್ಟರೆ ಯಾರಿಗೂ ತೊಂದರೆಯಿಲ್ಲ ಎಂಬುದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಕಳಿಸಿ ಜನ ಮಲಗಿದ್ದಾಗ, ನಮ್ಮದೇ ಜಿಲ್ಲೆಯ ಕಿಲ್ಲಾರಿಯ ಸುತ್ತ ನೆಲ ನಡುಗಿತು. ತೀವ್ರತೆ ಸುಮಾರು 6.2. ಹತ್ತು ಸಾವಿರದ ಹತ್ತಿರ ಜನ ಹೋದರು. ಅದಕ್ಕಿಂತ ದೊಡ್ಡ ಭೂಕಂಪಗಳಲ್ಲಿ ಇಷ್ಟು ಜನ ಸಾಯದ ಊರುಗಳಿವೆ. ಇಲ್ಲಿ ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳ ಮೇಲೆ ಮಣ್ಣಿನ ಮಾಳಿಗೆ ಕೂತಿತ್ತು. ಸೋರಿದಾಗೆಲ್ಲ ಮೇಲೆ ಇನ್ನಷ್ಟು ಮಣ್ಣು ಹಾಕುವುದು ರೂಢಿ, ಹಳೆಯದನ್ನು ಇಳಿಸುವುದು ರೂಢಿಯಲ್ಲ. ತಲೆಮಾರುಗಳ ಆ ಭಾರವೆಲ್ಲ ಮಲಗಿದವರ ಮೇಲೆ ಬಿತ್ತು.

ಈಗ ಮಾಳಿಗೆಯ ಬದಲು ಸಿಮೆಂಟಿನ ಅಟ್ಟ ಬಂದಿದೆ, ಅದರ ಮೇಲೆ ಹಂಡೆ, ಒಡೆದ ಟಿವಿ, ಕಬ್ಬಿಣದ ಟ್ರಂಕು. ಅಟ್ಟದ ಕೆಳಗೆ ಮಂಚ.

ನಮ್ಮ ಮನೆಯಲ್ಲಿ ಅವ್ವನ ಮಂಚದ ಮೇಲಿದ್ದ ತಾಮ್ರದ ಹಂಡೆಯನ್ನು ಹೋದ ದೀಪಾವಳಿಗೆ ಇಳಿಸಿದೆವು. ಇಬ್ಬರು ಹಿಡಿಯಬೇಕಾಯಿತು. ಹುಣಸೆಹಣ್ಣು ತಿಕ್ಕಿ ತೊಳೆದು ಬಚ್ಚಲ ಬಾಗಿಲಲ್ಲಿ ಇಟ್ಟಿದ್ದೇವೆ. ನಳಕ್ಕೆ ನೀರು ಬಂದ ದಿನ ಅವ್ವ ಮೊದಲು ತುಂಬುವುದು ಅದನ್ನೇ.