ಶಾಂಘೈ ಗಿರಣಿಯ ಲೆಕ್ಕ, ಹೆಬ್ರಿಯ ಜಗಲಿಯ ಪಾಠ

ಹೆಬ್ರಿ, ಕಾರ್ಕಳ ಕಡೆ ಜಗಲಿಯಲ್ಲಿ ಕೂತು ಬೀಡಿ ಕಟ್ಟುವ ಹೆಂಗಸರಿಗೂ ಚೀನಾದ ಬಟ್ಟೆ ಗಿರಣಿಗೂ ಏನು ಸಂಬಂಧ? ಸ್ತನ ಕ್ಯಾನ್ಸರ್ ಬಗ್ಗೆ ಇವರಿಗೆ ಏನು ಹೇಳಿಕೊಡಬೇಕು ಎಂಬ ಜಗಳದ ಅರ್ಧಭಾಗ ನಡೆದದ್ದೇ ಆ ಗಿರಣಿಗಳಲ್ಲಿ.

ಅದಕ್ಕೆ ಮೊದಲಿನ ಕತೆ ಚಿಕ್ಕದು. 1950ರಲ್ಲಿ ಅಮೆರಿಕದವರು ಒಂದು ಸಿನಿಮಾ ಮಾಡಿದರು. ತಿಂಗಳಿಗೊಮ್ಮೆ ಕನ್ನಡಿ ಮುಂದೆ ನಿಂತು ನೋಡಿ, ಆಮೇಲೆ ಮಲಗಿ ಬೆರಳಿನಿಂದ ಒತ್ತಿ ನೋಡಿಕೊಳ್ಳಿ ಎಂಬುದು ಅದರ ಪಾಠ. ಯಂತ್ರ ಬೇಡ, ದುಡ್ಡು ಬೇಡ. ಪಾಠ ಲೋಕವೆಲ್ಲ ಸುತ್ತಿತು. ಅದರಿಂದ ಎಷ್ಟು ಜೀವ ಉಳಿಯಿತು ಎಂದು ಕೇಳುವ ಗೋಜಿಗೆ ಹೋದವರು ಕಡಿಮೆ.

ಕೇಳಿದವರು ಸಿಯಾಟಲ್‌ನ ಡೇವಿಡ್ ಥಾಮಸ್ ಮತ್ತು ಶಾಂಘೈಯ ವೈದ್ಯರು. 1989ರಿಂದ 1991ರೊಳಗೆ 519 ಗಿರಣಿಗಳ 2,66,064 ಹೆಂಗಸರನ್ನು ಸೇರಿಸಿಕೊಂಡರು. ಅರ್ಧದಷ್ಟು ಜನರಿಗೆ ಸಿಲಿಕೋನ್ ಮಾದರಿ ಕೊಟ್ಟು ಗಂಟು ಹುಡುಕಲು ಕಲಿಸಿದರು, ಆರು ತಿಂಗಳಿಗೊಮ್ಮೆ ಕಣ್ಣೆದುರೇ ಮಾಡಿಸಿದರು. ಉಳಿದವರಿಗೆ? ಸೊಂಟನೋವು ತಡೆಯುವ ಪಾಠ! 2002ರಲ್ಲಿ ಫಲಿತಾಂಶ ಬಂತು. ಕಲಿತ ಗುಂಪಿನಲ್ಲಿ ಈ ರೋಗದಿಂದ ಸತ್ತವರು 135, ಸೊಂಟನೋವಿನ ಗುಂಪಿನಲ್ಲಿ 131. ಸಾಲದ್ದಕ್ಕೆ, ಕಲಿತವರಲ್ಲಿ ಕ್ಯಾನ್ಸರ್ ಅಲ್ಲದ ಗಂಟುಗಳೇ ಹೆಚ್ಚಾಗಿ ಪತ್ತೆಯಾಗಿದ್ದವು.

ಮರುವರ್ಷ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಈ ತಿಂಗಳ ಪರೀಕ್ಷೆಯನ್ನು 'ಬೇಕಿದ್ದರೆ ಮಾಡಿ' ಎಂಬ ಪಟ್ಟಿಗೆ ಇಳಿಸಿತು. ಇಲ್ಲಿಯೇ ನನಗೆ ಸಿಟ್ಟು ಬರುವುದು. 'ಮುಟ್ಟಿ ನೋಡಿದರೆ ಪ್ರಯೋಜನವಿಲ್ಲ' ಎಂದೇ ಹಲವರು ಓದಿಕೊಂಡರು. ಶಾಂಘೈ ಹೇಳಿದ್ದು ಅದಲ್ಲ. ಕವಾಯತು ಕಲಿಸಿದ್ದರಿಂದ ಸಾವು ಕಡಿಮೆಯಾಗಲಿಲ್ಲ, ಅಷ್ಟೆ. ಸೊಂಟನೋವಿನ ಪಾಠ ಕೇಳಿದವರಿಗೂ ತಮ್ಮ ಮೈಯಲ್ಲಾದ ಬದಲಾವಣೆ ಗೊತ್ತಾಗುತ್ತಿತ್ತಲ್ಲ. ಬ್ರಿಟನ್ನಿನವರು 1990ರ ದಶಕದಲ್ಲೇ ಕವಾಯತು ಬಿಟ್ಟು, 'ನಿಮ್ಮ ಮೈ ಹೇಗಿದೆಯೆಂದು ತಿಳಿದಿರಿ, ಬದಲಾದರೆ ತಡಮಾಡದೆ ತೋರಿಸಿ' ಎನ್ನತೊಡಗಿದ್ದರು.

ನಮ್ಮವರೇ ಮಾಡಿದ ಕೆಲಸದ ಬಗ್ಗೆ ಮಾತ್ರ ಅಷ್ಟು ಗದ್ದಲವಾಗಲಿಲ್ಲ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಇಂದ್ರನೀಲ್ ಮಿತ್ರಾ ಮತ್ತು ಸಂಗಡಿಗರು 1998ರಿಂದ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ದಶಕ ಹಿಂಬಾಲಿಸಿದರು. ಅರ್ಧದಷ್ಟು ಜನರನ್ನು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದವರು ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. 2021ರಲ್ಲಿ ಪ್ರಕಟವಾದ ಲೆಕ್ಕದಂತೆ ಐವತ್ತು ದಾಟಿದವರಲ್ಲಿ ಈ ರೋಗದ ಸಾವು ಹತ್ತಿರಹತ್ತಿರ ಶೇ. 30ರಷ್ಟು ಇಳಿದಿತ್ತು. ಐವತ್ತರೊಳಗಿನವರಲ್ಲಿ ಆ ಲಾಭ ಕಾಣಲಿಲ್ಲ ಎನ್ನುವುದನ್ನೂ ಹೇಳಬೇಕು.

ಮೂವತ್ತು ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಇಂಥ ಪರೀಕ್ಷೆ ಆಗಬೇಕೆಂದು ಕೇಂದ್ರ ಸರಕಾರದ 2016ರ ಮಾರ್ಗಸೂಚಿ ಹೇಳುತ್ತದೆ. ಆಶಾ ಅಕ್ಕ ಮನೆಗೆ ಬಂದಾಗ ಸಕ್ಕರೆ ಕಾಯಿಲೆ, ಬಿಪಿಯ ಜೊತೆ ಇದನ್ನೂ ಕೇಳಿ, ನಾಚಿಕೆ ಬೇಡ. ಐದು ವರ್ಷದ ನಡುವೆ ನೋಡಿಕೊಳ್ಳಬೇಕಾದವರು ನೀವೇ. ಸ್ತನದಲ್ಲಿ ಅಥವಾ ಕಂಕುಳಲ್ಲಿ ಗಂಟು, ಚರ್ಮ ಕಿತ್ತಳೆ ಸಿಪ್ಪೆಯಂತಾಗುವುದು ಅಥವಾ ಒಂದು ಕಡೆ ಗುಳಿ ಬೀಳುವುದು, ತೊಟ್ಟು ಒಳಸೇರುವುದು, ತೊಟ್ಟಿನಿಂದ ರಕ್ತ ಒಸರುವುದು, ವಾಸಿಯಾಗದ ಹುಣ್ಣು: ಯಾವುದು ಕಂಡರೂ ಅದೇ ವಾರ ಹೆಬ್ರಿಯ ಸರಕಾರಿ ಆಸ್ಪತ್ರೆಗೆ ಹೋಗಿ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಆಗಿರುವುದಿಲ್ಲ. ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೂ ಇಲ್ಲ. ನೋವು ಬರಲಿ, ಆಮೇಲೆ ಮಣಿಪಾಲಕ್ಕೆ ಹೋದರಾಯಿತು ಎಂದು ಕಾಯಬೇಡಿ.