ಉಡುಪಿನ ವ್ಯಾಪಾರಕ್ಕೆ ಕೈಯಿಡುವ ಮೊದಲು

ರಾಮನಗರ ತಾಲ್ಲೂಕಿನ ಕೈಲಾಂಚದ ಸುತ್ತಣ ಹಳ್ಳಿಗಳಲ್ಲಿ ರೇಷ್ಮೆಯ ಕೆಲಸವನ್ನರಿಯದ ಮನೆಗಳು ವಿರಳವೆಂದೇ ಹೇಳಬೇಕು. ಹೊಲದಲ್ಲಿ ಹಿಪ್ಪುನೇರಳೆ, ಮನೆಯಲ್ಲಿ ಚಂದ್ರಿಕೆ, ಹುಳು ಗೂಡು ಕಟ್ಟಿತೆಂದರೆ ರಾಮನಗರದ ಸರಕಾರಿ ಗೂಡಿನ ಮಾರುಕಟ್ಟೆಗೆ ಪ್ರಯಾಣ. ಇದು ಅಲ್ಲಿ ನಡೆದುಬಂದ ಕ್ರಮ. ಏಷ್ಯಾಖಂಡದಲ್ಲಿಯೇ ದೊಡ್ಡದೆಂದು ಹೆಸರಾದ ಆ ಮಾರುಕಟ್ಟೆಯಲ್ಲಿ ಗೂಡು ಹರಾಜಾಗಿ ರೀಲರುಗಳ ಕೈಸೇರಿದೊಡನೆಯೇ ಬೆಳೆದವನ ಸಂಬಂಧವು ತೀರಿಹೋಗುವುದು. ಮುಂದೆ ಅದು ನೂಲಾಗಿ, ಬಟ್ಟೆಯಾಗಿ, ಉಡುಪಾಗಿ ಪೇಟೆಯಲ್ಲಿ ಬೆಲೆಯೇರಿದಾಗ ಹುಳು ಸಾಕಿದ ಮನೆಯ ಹೆಸರು ಅದರ ಮೇಲೆಲ್ಲಿಯೂ ಇರುವುದಿಲ್ಲ. ಆದುದರಿಂದ ಹೊಲಿಗೆಯನ್ನು ಬಲ್ಲ ನಮ್ಮ ಹೆಣ್ಣುಮಕ್ಕಳು ತಾವೇ ಬಟ್ಟೆಯನ್ನು ತರಿಸಿ, ರವಿಕೆ, ಮಕ್ಕಳ ಲಂಗ, ಜುಬ್ಬಗಳನ್ನು ಹೊಲಿದು, ತಮ್ಮದೇ ಒಂದು ಹೆಸರಿನಲ್ಲಿ ಬೆಂಗಳೂರಿನವರೆಗೆ ಮಾರಬೇಕೆಂದು ಬಯಸಿದರೆ ಅದು ಸಹಜವೂ ಶ್ಲಾಘ್ಯವೂ ಆದ ಬಯಕೆಯೇ ಸರಿ.

ಆದರೆ ಹೊಲಿಗೆಯ ಯಂತ್ರವನ್ನು ಆರಿಸಲು ಎಂಟು ದಿನ, ಹೆಸರನ್ನು ಆರಿಸಲು ಹದಿನೈದು ದಿನ ಆಲೋಚಿಸುವವರು, ಈ ವ್ಯಾಪಾರವು ಕಾನೂನಿನ ಕಣ್ಣಿಗೆ ಯಾರದು ಎಂಬುದನ್ನು ಅರ್ಧ ಗಳಿಗೆಯಾದರೂ ಆಲೋಚಿಸುವುದಿಲ್ಲ. ‘ಮನೆಯವರೇ ಅಲ್ಲವೇ, ಕಾಗದವೇತಕ್ಕೆ?’ ಎನ್ನುವರು. ಈ ಮಾತಿನಲ್ಲಿರುವ ಅಪಾಯವನ್ನು ವಾಚಕರ ಮುಂದಿಡುವುದೇ ನಮ್ಮ ಉದ್ದೇಶ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ವಾರಗಿತ್ತಿಯರಿಬ್ಬರು ಸೇರಿ ಉಡುಪಿನ ಕೆಲಸವನ್ನಾರಂಭಿಸುವರು. ಹಿರಿಯಳು ಎರಡು ಲಕ್ಷ ರೂಪಾಯಿ ಹಾಕುವಳು; ಕಿರಿಯಳಲ್ಲಿ ಹಣವಿಲ್ಲ, ಕೈಕಸಬಿದೆ. ಲಾಭವನ್ನು ಹಂಚಿಕೊಳ್ಳುವುದೆಂದು ಬಾಯಿಮಾತಾಗುವುದು. ಇಷ್ಟಾದರೆ ಸಾಕು, 1932ರ ಪಾಲುಗಾರಿಕೆಯ ಕಾಯಿದೆಯಂತೆ ಅವರು ಪಾಲುಗಾರರಾದರು, ಬರಹವಿರಲೇಬೇಕೆಂಬ ನಿಯಮವಿಲ್ಲ. ದೀಪಾವಳಿಯ ಮುಂಚೆ ಹಿರಿಯಳು ಚಿಕ್ಕಪೇಟೆಯ ವರ್ತಕರೊಬ್ಬರಲ್ಲಿ ಐದು ಲಕ್ಷದ ಬಟ್ಟೆಯನ್ನು ಸಾಲವಾಗಿ ತಂದಳೆನ್ನಿರಿ. ಉಡುಪು ಮಾರಾಟವಾಗಲಿಲ್ಲ. ಆಗ ಆ ವರ್ತಕರು ಐದು ಲಕ್ಷವನ್ನೂ ಕಿರಿಯಳೊಬ್ಬಳಿಂದಲೇ ಕೇಳಬಹುದು. ಅವಳ ತವರಿನ ಒಡವೆ, ಅವಳ ಹೆಸರಿನ ನಿವೇಶನ ಯಾವುದೂ ಈ ಹೊಣೆಯಿಂದ ಹೊರಗಲ್ಲ. ‘ಸಾಲ ತಂದವಳು ನಾನಲ್ಲ’ ಎಂಬ ಉತ್ತರಕ್ಕೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಸಂಸ್ಥೆಯ ವ್ಯವಹಾರಕ್ಕಾಗಿ ಒಬ್ಬ ಪಾಲುಗಾರನು ಮಾಡಿದ ಸಾಲಕ್ಕೆ ಎಲ್ಲ ಪಾಲುಗಾರರೂ ಕೂಡಿಯೂ ಬೇರೆ ಬೇರೆಯಾಗಿಯೂ ಹೊಣೆಗಾರರು.

ಇದಕ್ಕಿಂತ ವಿಚಿತ್ರವಾದುದು ಇನ್ನೊಂದಿದೆ. ಬೆಂಗಳೂರಿನ ಅಂಗಡಿಯವರೊಬ್ಬರು ಇವರಿಂದ ಒಂದು ಲಕ್ಷದ ಉಡುಪನ್ನು ಕೊಂಡು ಹಣ ಕೊಡಲಿಲ್ಲವೆನ್ನೋಣ. ಪಾಲುಗಾರಿಕೆಯನ್ನು ನೋಂದಣಿ ಮಾಡಿಸದಿದ್ದರೆ, ಅದೇ ಕಾಯಿದೆಯ 69ನೆಯ ಕಲಮಿನ ಪ್ರಕಾರ ಇವರು ಆ ಕರಾರಿನ ಹಣಕ್ಕಾಗಿ ದಾವೆ ಹೂಡುವಂತಿಲ್ಲ. ನೂರು ರೂಪಾಯಿಗೆ ಮೀರದ ಸಣ್ಣ ದಾವೆಗಳಿಗೆ ಮಾತ್ರ ವಿನಾಯಿತಿಯುಂಟು. 1932ರಲ್ಲಿ ನೂರು ರೂಪಾಯಿಗೆ ಒಂದು ತೂಕವಿದ್ದಿತು, ಈಗ ರವಿಕೆಯ ಹೊಲಿಗೆಯ ಕೂಲಿಗೂ ಅದು ಸಾಲದು. ಹೀಗೆ ಕೊಡತಕ್ಕ ಹಣಕ್ಕೆ ಬಾಗಿಲು ತೆರೆದಿರುವುದು, ಬರತಕ್ಕ ಹಣಕ್ಕೆ ಮುಚ್ಚಿರುವುದು. ನೋಂದಣಿಯು ಕಡ್ಡಾಯವಲ್ಲವೆಂಬ ಮಾತನ್ನು ನಂಬಿ ಸುಮ್ಮನಿರುವವರು ಇದನ್ನು ಗಮನಿಸಬೇಕು.

ಹಾಗಾದರೆ ಒಬ್ಬಳೇ ಮಾಡುವುದು ಲೇಸೇ? ಬಹುಮಟ್ಟಿಗೆ ಹೌದೆಂದೇ ನಮ್ಮ ಅಭಿಪ್ರಾಯ. ಒಬ್ಬರ ಒಡೆತನದ ವ್ಯಾಪಾರಕ್ಕೆ ಬೇರೆ ಕಾನೂನಿನ ದೇಹವಿಲ್ಲ. ಒಡತಿಯೇ ವ್ಯಾಪಾರ, ವ್ಯಾಪಾರವೇ ಒಡತಿ. ಕೇಂದ್ರ ಸರಕಾರದ ‘ಉದ್ಯಮ್’ ನೋಂದಣಿಯನ್ನು ಆಧಾರ್ ಸಂಖ್ಯೆಯಿಂದ ಖರ್ಚಿಲ್ಲದೆ ಮಾಡಿಸಿಕೊಳ್ಳಬಹುದು. ಆದಾಯ ತೆರಿಗೆಯಲ್ಲಿಯೂ ಇದು ಹಗುರ: ಪಾಲುಗಾರಿಕೆಯ ಸಂಸ್ಥೆಯು ತನ್ನ ಲಾಭಕ್ಕೆ ಮೊದಲ ರೂಪಾಯಿಯಿಂದಲೇ ನೂರಕ್ಕೆ 30ರಂತೆ ತೆರಬೇಕಾದರೆ, ಒಡತಿಯು ವ್ಯಕ್ತಿಗಳಿಗಿರುವ ಹಂತಹಂತದ ದರದಲ್ಲಿ ತೆರುವಳು. ಕರ್ನಾಟಕದಲ್ಲಿ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷವನ್ನು ಮೀರುವ ತನಕ ಜಿ.ಎಸ್.ಟಿ. ನೋಂದಣಿಯೂ ಸಾಮಾನ್ಯವಾಗಿ ಬೇಕಾಗದು. ಹೊಸೂರಿಗೋ ಹೈದರಾಬಾದಿಗೋ ಉಡುಪು ಕಳುಹಿಸಹೊರಟವರಿಗೆ ಮಾತ್ರ ಈ ಆಶ್ರಯವು ಪ್ರಾಯಶಃ ದೊರೆಯಲಾರದು. ಕೊರತೆಯೊಂದೇ: ಅಂಗಡಿಗೂ ಮನೆಗೂ ನಡುವೆ ಗೋಡೆಯಿಲ್ಲ. ಸಾಲವಿಲ್ಲದೆ, ಮುಂಗಡ ಪಡೆದು ಹೊಲಿದುಕೊಡುವವರಿಗೆ ಗೋಡೆಯ ಅವಶ್ಯಕತೆಯೂ ಅಷ್ಟಾಗಿ ಇರದು.

ಆ ಗೋಡೆ ಬೇಕೆನ್ನುವವರಿಗೆ ಎರಡು ಮೂರು ದಾರಿಗಳುಂಟು. 2008ರ ಕಾಯಿದೆಯಿಂದ ಬಂದ ಸೀಮಿತ ಹೊಣೆಯ ಪಾಲುಗಾರಿಕೆಯಲ್ಲಿ ಸಂಸ್ಥೆಯೇ ಬೇರೆ, ಪಾಲುಗಾರರೇ ಬೇರೆ. ನಷ್ಟವು ಹಾಕಲೊಪ್ಪಿದ ಬಂಡವಾಳಕ್ಕೆ ನಿಲ್ಲುವುದು. ವಹಿವಾಟು 40 ಲಕ್ಷವನ್ನಾಗಲಿ ಬಂಡವಾಳವು 25 ಲಕ್ಷವನ್ನಾಗಲಿ ಮೀರದಿದ್ದರೆ ಲೆಕ್ಕಪರಿಶೋಧನೆಯ ಕಡ್ಡಾಯವಿಲ್ಲ. ಆದರೆ ವರ್ಷವರ್ಷವೂ ವಿವರಪತ್ರಗಳನ್ನು ತಪ್ಪದೆ ಸಲ್ಲಿಸಬೇಕು, ತಡವಾದರೆ ದಂಡ. 2013ರ ಕಾಯಿದೆಯ ಏಕವ್ಯಕ್ತಿ ಕಂಪನಿಯನ್ನು ಒಬ್ಬಳೇ ಕಟ್ಟಬಹುದು, ಖಾಸಗಿ ಕಂಪನಿಗೆ ಇಬ್ಬರು ಬೇಕು. ಎರಡಕ್ಕೂ ಪರಿಶೋಧನೆ ತಪ್ಪದು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹೊಸ ಸಣ್ಣ ಕಂಪನಿಗೆ ಬ್ಯಾಂಕಿನವರು ಸಾಲ ಕೊಡುವಾಗ ಸಾಮಾನ್ಯವಾಗಿ ಒಡೆಯರ ಸ್ವಂತ ಜಾಮೀನನ್ನು ಕೇಳುವರು. ಅದಕ್ಕೆ ರುಜು ಹಾಕಿದ ಕ್ಷಣದಲ್ಲಿ, ಆ ಸಾಲದ ಮಟ್ಟಿಗೆ, ಹಣ ಕೊಟ್ಟು ಕಟ್ಟಿಸಿದ ಗೋಡೆಯನ್ನು ನಾವೇ ಕೆಡವಿದಂತಾಯಿತು.

ಹಲವು ಮನೆಗಳ ಹೆಂಗಸರು ಕೂಡಿ ದುಡಿಯುವುದಾದರೆ ಸಹಕಾರ ಸಂಘವನ್ನು ನೆನೆಯದಿರಲಾಗದು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದ ನಾಡು ನಮ್ಮದು. ಉಡುಪಿನ ವಿಷಯದಲ್ಲಿಯೇ ನಿದರ್ಶನ ಬೇಕೆಂದರೆ, ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನರವರು 1990ರ ದಶಕದಲ್ಲಿ ಆರಂಭಿಸಿದ ‘ಚರಕ’ವನ್ನು ನೋಡಬಹುದು. ಕೈಮಗ್ಗದ ಬಟ್ಟೆಯನ್ನು ನೇಯ್ದು, ಪ್ರಕೃತಿಯ ಬಣ್ಣಗಳನ್ನು ಕಟ್ಟಿ, ಉಡುಪು ಹೊಲಿಯುವ ಆ ಕೆಲಸವನ್ನು ಮಹಿಳೆಯರ ಸಹಕಾರ ಸಂಘವಾಗಿ ಕಟ್ಟಿದರು. ಮಾರುವ ಕೆಲಸವನ್ನು ‘ದೇಸಿ’ ಎಂಬ ಬೇರೆ ಟ್ರಸ್ಟಿಗೆ ಒಪ್ಪಿಸಿದರು. ಮಾಡುವವರು ಒಂದು ದೇಹ, ಮಾರುವವರು ಇನ್ನೊಂದು. ಈ ವಿಂಗಡಣೆಯು ನಮಗೆ ಬಹಳ ಮೆಚ್ಚಿಕೆಯಾದುದು. ಆದರೂ 2020ರ ಸಾಂಕ್ರಾಮಿಕದ ಕಾಲದಲ್ಲಿ ವ್ಯಾಪಾರವು ಕುಸಿದಾಗ ಸಂಘವು ದಿವಾಳಿಯಾಗಿದೆಯೆಂದು ಬಹಿರಂಗವಾಗಿ ಸಾರಬೇಕಾಯಿತು. ಯಾವ ಕಾನೂನಿನ ರೂಪವೂ ಗಿರಾಕಿಯನ್ನು ತಂದುಕೊಡಲಾರದು. ಆದರೆ ಸೀಮಿತ ಹೊಣೆಯ ಸಂಘದಲ್ಲಿ ಅಂಥ ದಿನ ಬಂದರೂ ಸಂಘದ ಸಾಲಕ್ಕಾಗಿ ನೇಯುವವಳ ಮನೆಗೆ ಸಾಲಗಾರನು ಬರುವಂತಿಲ್ಲ. ಪ್ರತಿಯೊಬ್ಬ ಸದಸ್ಯಳಿಗೂ ಒಂದೇ ಮತವಿರುವುದರಿಂದ ನಿರ್ಧಾರಗಳು ನಿಧಾನವಾಗುವುವು. ಇಬ್ಬರು ಮೂವರ ಕೆಲಸಕ್ಕೆ ಈ ಏರ್ಪಾಡು ಹೊಂದದು.

ಇನ್ನು ಉಡುಪಿನ ಹೆಸರಿನ ವಿಷಯ. 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯಲ್ಲಿ ಉಡುಪುಗಳು 25ನೆಯ ವರ್ಗಕ್ಕೆ ಸೇರುವುವು. ವ್ಯಕ್ತಿಗಳು ಮತ್ತು ಸಣ್ಣ ಉದ್ಯಮದವರು ಗಣಕಯಂತ್ರದ ಮೂಲಕ ಅರ್ಜಿ ಹಾಕಿದರೆ ವರ್ಗವೊಂದಕ್ಕೆ 4,500 ರೂಪಾಯಿ ಶುಲ್ಕ. ದೊರೆತ ಹಕ್ಕು 10 ವರ್ಷ, ಆಮೇಲೆ ನವೀಕರಣ. ಅರ್ಜಿಯನ್ನು ಯಾರ ಹೆಸರಿನಲ್ಲಿ ಹಾಕಿದರೋ ಹಕ್ಕು ಅವರದೆಂದೇ ದಾಖಲೆಯಾಗುವುದು. ವಾರಗಿತ್ತಿಯರಿಬ್ಬರೂ ದುಡಿದು ಹೆಸರು ಗಳಿಸಿದ ಮೇಲೆ, ಅದು ಹಿರಿಯಳ ಗಂಡನ ಹೆಸರಿನಲ್ಲಿ ನೋಂದಣಿಯಾಗಿರುವುದು ಕಿರಿಯಳಿಗೆ ತಿಳಿದುಬಂದರೆ, ಆ ಮನೆಯಲ್ಲಿ ಹಬ್ಬದೂಟವು ಹೇಗೆ ನಡೆದೀತು?

ಆದಕಾರಣ ಇಬ್ಬರು ಸೇರಿ ಮಾಡಲೇಬೇಕೆಂದಿದ್ದರೆ, ಮೊದಲ ಥಾನು ಬಟ್ಟೆಯನ್ನು ಕೊಳ್ಳುವ ಮುಂಚೆಯೇ ಛಾಪಾ ಕಾಗದದ ಮೇಲೆ ಕರಾರುಪತ್ರವನ್ನು ಬರೆಯಿಸಿ, ಪಾಲುಗಾರಿಕೆಗಳ ನೋಂದಣಾಧಿಕಾರಿಯಲ್ಲಿ ದಾಖಲು ಮಾಡಿಸಬೇಕು. ಬರೆಯದಿದ್ದರೆ, ಹಣ ಹಾಕಿದವಳಿಗೂ ಹೊಲಿದವಳಿಗೂ ಲಾಭ ಸಮಪಾಲೆಂದೇ ಕಾನೂನು ತಿಳಿಯುವುದು, ನಷ್ಟವೂ ಹಾಗೆಯೇ. ಹೊಲಿದವಳಿಗೆ ತಿಂಗಳ ಸಂಬಳವುಂಟೋ ಇಲ್ಲವೋ ಎಂಬುದನ್ನೂ ಸ್ಪಷ್ಟಪಡಿಸಬೇಕು, ಏಕೆಂದರೆ ಕರಾರಿಲ್ಲದೆ ಪಾಲುಗಾರರಿಗೆ ದುಡಿಮೆಯ ಸಂಬಳ ಸಲ್ಲದು. ಎಷ್ಟು ರೂಪಾಯಿಗೆ ಮೀರಿದ ಸಾಲಕ್ಕೆ ಇಬ್ಬರ ರುಜುವೂ ಬೇಕು, ಬೇರೆಯಾದರೆ ಹೆಸರು ಯಾರಿಗೆ, ಮಿಕ್ಕ ಬಟ್ಟೆಯ ಬೆಲೆಯನ್ನು ಹೇಗೆ ಕಟ್ಟುವುದು ಎಂಬುದೂ ಬರಲಿ. ಒಬ್ಬಳು ಕಾಲವಾದರೆ ಏನು ಮಾಡತಕ್ಕದ್ದೆಂಬುದನ್ನು ಬರೆಯಲು ನಮ್ಮ ಹಿರಿಯರು ಅಪಶಕುನವೆಂದು ಹಿಂದೆಗೆಯುವುದುಂಟು. ಆ ಮಾತು ಕರಾರಿನಲ್ಲಿಲ್ಲದಿದ್ದರೆ ಪಾಲುಗಾರರೊಬ್ಬರ ಮರಣದೊಡನೆಯೇ ಸಂಸ್ಥೆಯೂ ಮುಗಿದುಹೋಗುವುದೆಂಬುದನ್ನು ಅವರಿಗೆ ನಯವಾಗಿ ತಿಳಿಸಿ, ಅದನ್ನೂ ಬರೆಯಿಸುವುದು.