ಬಿದ್ದ ಬೈಕು: ನೆಗ್ಗಿದ್ದು, ಸೀಳಿದ್ದು, ಬಾಗಿದ್ದು

ಮಳೆಗಾಲದಲ್ಲಿ ಮೆತ್ತಗಾದ ನೆಲದ ಮೇಲೆ ಸೈಡ್ ಸ್ಟ್ಯಾಂಡ್ ಹಾಕಿ ಹೋಗಿರುತ್ತೀರಿ. ಸ್ಟ್ಯಾಂಡಿನ ಕಾಲು ಮಣ್ಣಿನಲ್ಲಿ ಹೂತು ಬೈಕು ಎಡಕ್ಕೆ ಮಗುಚಿಕೊಳ್ಳುತ್ತದೆ. ಎತ್ತಿ ನಿಲ್ಲಿಸಿ ನೋಡಿದರೆ ಹೆಡ್‌ಲೈಟಿನ ಸುತ್ತಲಿನ ಡೂಮ್ ಸೀಳಿದೆ, ಕ್ಲಚ್ ಲಿವರ್ ಬಾಗಿದೆ, ಪಕ್ಕದ ಗಾಡಿಯ ಹ್ಯಾಂಡಲ್ ತುದಿ ತಾಗಿದಲ್ಲಿ ಟ್ಯಾಂಕು ನೆಗ್ಗಿದೆ. ನಿಂತ ಗಾಡಿ ನಿಂತಲ್ಲೇ ಬಿದ್ದರೆ ಇಷ್ಟು ಹಾನಿ ಹೇಗಾಯಿತು?

140 ಕಿಲೋ ತೂಕದ ಬೈಕಿನ ಗುರುತ್ವಕೇಂದ್ರ ನೆಲದಿಂದ ಹೆಚ್ಚುಕಡಿಮೆ ಅರ್ಧ ಮೀಟರ್ ಎತ್ತರದಲ್ಲಿರುತ್ತದೆ. ಗಾಡಿ ಮಗ್ಗುಲಾದಾಗ ಅದು 25 ಸೆಂಟಿಮೀಟರ್ ಕೆಳಗಿಳಿಯಿತು ಎಂದಿಟ್ಟುಕೊಂಡರೂ ಸುಮಾರು 340 ಜೂಲ್ ಶಕ್ತಿ ಹೊರಬೀಳುತ್ತದೆ. 35 ಕಿಲೋ ತೂಕವನ್ನು ಒಂದು ಮೀಟರ್ ಮೇಲಿನಿಂದ ಬಿಟ್ಟರೆ ಆಗುವ ಪೆಟ್ಟು ಇದು. ಅದನ್ನು ಇಡೀ ಗಾಡಿ ಹಂಚಿಕೊಳ್ಳುವುದಿಲ್ಲ. ಹ್ಯಾಂಡಲ್ ತುದಿ, ಫುಟ್‌ರೆಸ್ಟ್, ಇಂಡಿಕೇಟರ್, ಡೂಮಿನ ಅಂಚು ಹೀಗೆ ನೆಲಕ್ಕೆ ಮೊದಲು ತಾಗುವ ನಾಲ್ಕೈದು ಜಾಗಗಳೇ ತಡೆದುಕೊಳ್ಳಬೇಕು. ಕ್ರ್ಯಾಶ್ ಗಾರ್ಡ್ ಇದ್ದರೆ ಪೆಟ್ಟಿನ ದೊಡ್ಡ ಪಾಲು ಅದರ ಉಕ್ಕಿನ ಕೊಳವೆಗೆ ಹೋಗುತ್ತದೆ.

ಸರ್ವಿಸ್ ಸೆಂಟರಿಗೆ ಒಯ್ದರೆ ಬರುವ ಉತ್ತರ ಬಹುಪಾಲು ಒಂದೇ: ‘ಪ್ಯಾನೆಲ್ ಪೂರ್ತಿ ಬದಲಿಸಬೇಕು.’ ಇದನ್ನು ನಾನು ಒಪ್ಪುವುದಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳ ಮೈಯೆಲ್ಲ ಉಕ್ಕಿನ ತಗಡು. ನೆಗ್ಗಿದ ಮಡ್‌ಗಾರ್ಡನ್ನು ಟಿಂಕರಿಂಗ್ ಅಂಗಡಿಯವರು ಸುತ್ತಿಗೆಯಲ್ಲಿ ತಟ್ಟಿ ಮೊದಲಿನ ಆಕಾರಕ್ಕೆ ತರುತ್ತಿದ್ದರು. ಈಗ ತಗಡಿನ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ, ಸುತ್ತಿಗೆಯ ವಿದ್ಯೆ ಅದರ ಮೇಲೆ ನಡೆಯುವುದಿಲ್ಲ. ಹಾಗೆಂದು ಪ್ಲಾಸ್ಟಿಕ್ ರಿಪೇರಿಯಾಗದ ವಸ್ತುವೇನಲ್ಲ. ಅದು ಯಾವ ಪ್ಲಾಸ್ಟಿಕ್ ಎಂದು ಮೊದಲು ಗೊತ್ತಾಗಬೇಕು, ಅಷ್ಟೆ.

ಗೊತ್ತುಮಾಡಿಕೊಳ್ಳುವುದು ಕಷ್ಟವಲ್ಲ. ಪ್ಯಾನೆಲ್ ಬಿಚ್ಚಿ ಒಳಮೈಯನ್ನು ತಿರುಗಿಸಿ ನೋಡಿ. ಅಚ್ಚಿನಲ್ಲೇ ಮೂಡಿದ ಸಣ್ಣ ಅಕ್ಷರಗಳು ಅಲ್ಲಿರುತ್ತವೆ. ಬಣ್ಣ ಹಚ್ಚಿದ ಡೂಮ್, ಸೈಡ್ ಪ್ಯಾನೆಲ್, ಹಿಂಬದಿಯ ಕೌಲ್‌ಗಳಲ್ಲಿ ಬಹುತೇಕ ‘ಎಬಿಎಸ್’ ಎಂದಿರುತ್ತದೆ (ಬ್ರೇಕಿನ ಎಬಿಎಸ್‌ಗೂ ಇದಕ್ಕೂ ಸಂಬಂಧವಿಲ್ಲ). ಬಣ್ಣವಿಲ್ಲದ ಕಪ್ಪು ಭಾಗಗಳಲ್ಲಿ, ಸೀಟಿನ ಕೆಳಗಿನ ಒಳಮಡ್‌ಗಾರ್ಡಿನಲ್ಲಿ ‘ಪಿಪಿ’ ಅಂದರೆ ಪಾಲಿಪ್ರೊಪಿಲೀನ್ ಹೆಚ್ಚು. ವಿಂಡ್‌ಶೀಲ್ಡ್, ಹೆಡ್‌ಲೈಟಿನ ಪಾರದರ್ಶಕ ಮುಖ ಸಾಮಾನ್ಯವಾಗಿ ಪಾಲಿಕಾರ್ಬೊನೇಟ್. ಅಕ್ಷರ ಅಳಿಸಿದ್ದರೆ ಮುರಿದ ಒಂದು ಚೂರಿನ ಬಣ್ಣ ಕೆರೆದು ನೀರಿಗೆ ಹಾಕಿ. ಎಬಿಎಸ್‌ನ ಸಾಂದ್ರತೆ 1.04ರ ಆಸುಪಾಸು, ಮುಳುಗುತ್ತದೆ. ಪಿಪಿ 0.9, ತೇಲುತ್ತದೆ. ಗಟ್ಟಿತನಕ್ಕೆಂದು ಟಾಲ್ಕ್ ಪುಡಿ ಬೆರೆಸಿದ ಪಿಪಿ ಮಾತ್ರ ಈ ಪರೀಕ್ಷೆಯಲ್ಲಿ ಮೋಸಮಾಡಬಹುದು. ಆಗ ಒಳಮೈಯ ಮೂಲೆಯಲ್ಲಿ ಒಂದು ಹನಿ ಅಸಿಟೋನ್ ಒರೆಸಿ ನೋಡಿ: ಎಬಿಎಸ್ ಅಂಟಂಟಾಗುತ್ತದೆ, ಪಿಪಿ ಜಪ್ಪಯ್ಯ ಎನ್ನುವುದಿಲ್ಲ. ಪಾರದರ್ಶಕ ಭಾಗಗಳ ಹತ್ತಿರ ಮಾತ್ರ ಅಸಿಟೋನ್ ತರಬೇಡಿ. ಪಾಲಿಕಾರ್ಬೊನೇಟ್ ಅದು ತಾಗಿದಲ್ಲಿ ಮಂಜುಗಟ್ಟಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ.

ಎಬಿಎಸ್ ಒಂದು ಜಾಣ ಮಿಶ್ರಣ. ಅಕ್ರಿಲೊನೈಟ್ರೈಲ್ ಮತ್ತು ಸ್ಟೈರೀನ್ ಸೇರಿದ ಗಟ್ಟಿ ವಸ್ತುವಿನ ಒಳಗೆ ಪಾಲಿಬ್ಯುಟಡಯೀನ್ ಎಂಬ ರಬ್ಬರಿನ ಅತಿ ಸಣ್ಣ ಕಣಗಳು ಚದುರಿಕೊಂಡಿರುತ್ತವೆ. ಪೆಟ್ಟು ಬಿದ್ದಾಗ ಈ ಕಣಗಳ ಸುತ್ತ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಸೀಳುಗಳು ಸಾವಿರಾರು ಹುಟ್ಟಿ ಶಕ್ತಿಯನ್ನು ಹೀರಿಕೊಳ್ಳುತ್ತವೆ, ಅದರಿಂದಾಗಿ ದೊಡ್ಡ ಬಿರುಕು ಓಡುವುದು ತಡವಾಗುತ್ತದೆ. ಪ್ಯಾನೆಲ್ ಬಾಗಿದ ಜಾಗ ಬೆಳ್ಳಗಾಗುವುದು ಈ ಸೂಕ್ಷ್ಮ ಸೀಳುಗಳು ಬೆಳಕನ್ನು ಚದುರಿಸುವುದರಿಂದಲೇ. ಬಣ್ಣದ ದೋಷವೆಂದು ಅದನ್ನು ತಿಕ್ಕಿ ಪ್ರಯೋಜನವಿಲ್ಲ. ಬಿಳುಪು ಇರುವಲ್ಲೆಲ್ಲ ವಸ್ತು ಒಳಗಿಂದ ದಣಿದಿದೆ, ಬಿರುಕು ಮುಂದೆ ಹೋಗುವ ದಾರಿಯೂ ಅದೇ.

ಬಿರುಕು ಕಂಡ ಕೂಡಲೇ ಅಂಟು ಹುಡುಕುವುದು ನಮ್ಮೆಲ್ಲರ ಅಭ್ಯಾಸ. ಆದರೆ ಮೊದಲು ಬೇಕಾದದ್ದು ಡ್ರಿಲ್. 1913ರಲ್ಲಿ ಚಾರ್ಲ್ಸ್ ಇಂಗ್ಲಿಸ್ ಎಂಬ ಬ್ರಿಟಿಷ್ ಎಂಜಿನಿಯರು ಹಡಗಿನ ತಗಡುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಲೆಕ್ಕ ಮಾಡಿದರು. ಬಿರುಕು ಎಷ್ಟು ಉದ್ದ ಎಂಬುದರ ಜೊತೆಗೆ ಅದರ ತುದಿ ಎಷ್ಟು ಚೂಪು ಎಂಬುದೂ ಮುಖ್ಯ ಎಂದು ಆ ಲೆಕ್ಕ ತೋರಿಸಿತು. ಅದರ ಪ್ರಕಾರ 4 ಸೆಂಟಿಮೀಟರ್ ಉದ್ದದ ಸೀಳಿನ ತುದಿಯ ತ್ರಿಜ್ಯ ಮಿಲಿಮೀಟರಿನ ನೂರನೇ ಒಂದು ಭಾಗವಾಗಿದ್ದರೆ, ಅಲ್ಲಿನ ಸೆಳೆತ ಸುತ್ತಲಿನ ಸೆಳೆತದ ಸುಮಾರು 90 ಪಟ್ಟು. ಆ ತುದಿಯಲ್ಲಿ 3 ಮಿಲಿಮೀಟರ್ ಅಗಲದ ದುಂಡು ರಂಧ್ರ ಕೊರೆದರೆ ಅದು ಎಂಟು ಪಟ್ಟಿನ ಆಸುಪಾಸಿಗೆ ಇಳಿಯುತ್ತದೆ. ಎಂಜಿನ್ ನಡುಕಕ್ಕೆ ದಿನವೂ ಅದುರುವ ಪ್ಯಾನೆಲ್‌ನಲ್ಲಿ ಈ ವ್ಯತ್ಯಾಸವೇ ರಿಪೇರಿ ಉಳಿಯುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ. ರಂಧ್ರ ಬಿರುಕಿನ ನಿಜವಾದ ತುದಿಯಲ್ಲೇ ಬೀಳಬೇಕು, ಬಿಳುಪಿನ ಕೊನೆಯವರೆಗೂ ಬೆಳಕು ಹಿಡಿದು ನೋಡಿ ಗುರುತು ಮಾಡಿ.

ಇನ್ನು ಬೆಸುಗೆ. ಪ್ಲಾಸ್ಟಿಕ್ಕಿನ ಅಣುಗಳು ಬಹಳ ಉದ್ದದ ಸರಪಣಿಗಳು, ಒಂದರೊಳಗೊಂದು ಹೆಣೆದುಕೊಂಡಿರುವುದೇ ಅವುಗಳ ಬಲ. ಎಬಿಎಸ್ ಸುಮಾರು 105 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆದುವಾಗುತ್ತದೆ. ಇನ್ನಷ್ಟು ಬಿಸಿಯಾದಾಗ ಸರಪಣಿಗಳು ಸಡಿಲಗೊಂಡು, ಸೀಳಿನ ಈ ಬದಿಯಿಂದ ಆ ಬದಿಗೆ ತೆವಳಿ ಹೊಸದಾಗಿ ಹೆಣೆದುಕೊಳ್ಳುತ್ತವೆ. ನಾರಿನ ಹಗ್ಗ ತುಂಡಾದಾಗ ಗಂಟು ಹಾಕದೆ ಎರಡೂ ತುದಿಯ ಎಳೆ ಬಿಡಿಸಿ ಹೊಸೆದು ಸೇರಿಸುತ್ತಾರಲ್ಲ, ಆ ಬಗೆಯ ಜೋಡಣೆ ಇದು. ಸರಪಣಿಗಳ ಈ ತೆವಳಾಟಕ್ಕೆ 1971ರಲ್ಲಿ ಸಿದ್ಧಾಂತ ಕಟ್ಟಿದವರು ಫ್ರಾನ್ಸಿನ ಪಿಯರ್-ಜಿಲ್ ಡಿ ಜೆನ್. 1991ರ ಭೌತವಿಜ್ಞಾನ ನೊಬೆಲ್ ಅವರಿಗೆ ಸಂದಿತು. ಹಾಗಾಗಿ ಬೆಸುಗೆಗೆ ಸಮಯ ಕೊಡಬೇಕು. ಮೇಲ್ಮೈ ಮಿರುಗಿದ ಕೂಡಲೇ ಬಿಸಿ ತೆಗೆದರೆ ಅಂಚುಗಳು ತಾಗಿಕೊಂಡಿರುತ್ತವೆಯೇ ಹೊರತು ಒಂದಾಗಿರುವುದಿಲ್ಲ.

ಕೆಲಸವನ್ನು ಒಳಮೈಯಿಂದ ಮಾಡಬೇಕು. ಸೀಳಿನ ಉದ್ದಕ್ಕೂ ಇಳಿಜಾರು ತೋಡು ಕೆರೆದು, ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿಯನ್ನು ಬಿಸಿಗಾಳಿಯ ಗನ್ನಿನಿಂದ ಕರಗಿಸಿ ತುಂಬುತ್ತಾರೆ. ಬಲಕ್ಕೆ ಸ್ಟೇನ್‌ಲೆಸ್ ಉಕ್ಕಿನ ಸಣ್ಣ ಜಾಲರಿಯನ್ನೋ ಕಾಯಿಸಿದ ಪಿನ್ನುಗಳನ್ನೋ ಒಳಗೆ ಹುದುಗಿಸುತ್ತಾರೆ. ಪ್ಲಾಸ್ಟಿಕ್ ಕಂದು ತಿರುಗಿ ಹೊಗೆಯಾಡಿತೋ, ಮಿತಿ ಮೀರಿತೆಂದು ಅರ್ಥ. ಸುಟ್ಟ ಎಬಿಎಸ್‌ನಿಂದ ಸ್ಟೈರೀನ್ ಅಷ್ಟೇ ಅಲ್ಲ, ಹೈಡ್ರೋಜನ್ ಸಯನೈಡ್ ಕೂಡ ಬರುತ್ತದೆ. ಬಾಗಿಲು ಹಾಕಿದ ಕೋಣೆಯಲ್ಲಿ ಈ ಕೆಲಸ ಬೇಡ.

ಗನ್ ಇಲ್ಲದವರಿಗೆ ಅಸಿಟೋನ್ ಇದೆ. ಎಬಿಎಸ್ ಚೂರುಗಳನ್ನು ಅದರಲ್ಲಿ ನೆನೆಹಾಕಿದರೆ ಗಟ್ಟಿ ಸರಿಯಂಥ ದ್ರವವಾಗುತ್ತದೆ. ಬಿಸಿ ಮಾಡುವ ಕೆಲಸವನ್ನೇ ಇಲ್ಲಿ ದ್ರಾವಕ ಮಾಡುತ್ತದೆ, ಸರಪಣಿಗಳನ್ನು ಸಡಿಲಿಸಿ ಬೆರೆಸುತ್ತದೆ. ತೆಳುವಾಗಿ ಪದರ ಪದರವಾಗಿ ತುಂಬಿ, ಪೂರ್ತಿ ಒಣಗಲು ಒಂದು ದಿನವಾದರೂ ಬಿಡಿ. ಒಳಗೆ ಉಳಿದ ಅಸಿಟೋನ್ ಆಮೇಲೆ ಆರಿದರೆ ಮೇಲಿನ ಬಣ್ಣ ಕುಸಿಯುತ್ತದೆ. ಅಸಿಟೋನ್ ಬೆಂಕಿಗೆ ಬಲು ಬೇಗ ಹತ್ತಿಕೊಳ್ಳುವ ದ್ರವ ಎಂಬುದೂ ನೆನಪಿರಲಿ. ಫೆವಿಕ್ವಿಕ್ ಮೇಲೆ ಅಡುಗೆ ಸೋಡ ಉದುರಿಸುವ ಉಪಾಯವೂ ಸುಳ್ಳಲ್ಲ. ಸೋಡದ ಕ್ಷಾರಗುಣ ಸಯನೊಅಕ್ರಿಲೇಟ್ ಅಂಟನ್ನು ಕ್ಷಣದಲ್ಲಿ ಗಟ್ಟಿಯಾಗಿಸುತ್ತದೆ. ಆದರೆ ಹಾಗೆ ಗಟ್ಟಿಯಾದದ್ದು ಬಾಗುವುದಿಲ್ಲ, ನಡುಕಕ್ಕೆ ಸಿಕ್ಕಿ ಚಕ್ಕೆ ಏಳುತ್ತದೆ. ಮುರಿದ ಸಣ್ಣ ಲಾಕ್ ಒಂದನ್ನು ತಾತ್ಕಾಲಿಕವಾಗಿ ಹಿಡಿದಿಡಲು ಸಾಕು, ಡೂಮಿನ ಸೀಳಿಗೆ ಸಾಲದು.

ಪಾಲಿಪ್ರೊಪಿಲೀನ್ ಮುಂದೆ ಈ ಅಂಟು, ದ್ರಾವಕ ಎಲ್ಲವೂ ಸೋಲುತ್ತವೆ. ಇಟಲಿಯ ಜೂಲಿಯೊ ನಟ್ಟಾ 1954ರಲ್ಲಿ ಕ್ರಮಬದ್ಧ ಸರಪಣಿಯಾಗಿ ಕಟ್ಟಿದ ಈ ಪ್ಲಾಸ್ಟಿಕ್ಕಿನ ಮೇಲ್ಮೈ ಯಾವುದನ್ನೂ ಹತ್ತಿರ ಸೇರಿಸಿಕೊಳ್ಳದು. ಎಪಾಕ್ಸಿಯೂ ಒಣಗಿದ ಮೇಲೆ ಹಾಳೆಯಾಗಿ ಎದ್ದು ಬರುತ್ತದೆ. ಇದಕ್ಕೆ ಪಿಪಿ ಕಡ್ಡಿ ಮತ್ತು ಬಿಸಿ, ಎರಡೇ ಮದ್ದು. ಸುಮಾರು 160 ಡಿಗ್ರಿಯಲ್ಲಿ ಇದು ತಟ್ಟನೆ ಕರಗಿ ನೀರಾಗುವುದರಿಂದ ಪಳಗಿದ ಕೈಯೇ ಬೇಕು. ಪಿಪಿಯ ಕಪ್ಪು ಭಾಗಗಳು ಹೆಚ್ಚಾಗಿ ಕಡಿಮೆ ಬೆಲೆಯವು, ಅವನ್ನು ಬದಲಿಸುವುದೇ ಲೇಸು.

ಟ್ಯಾಂಕಿನ ಕಥೆ ಬೇರೆ. ಒಂದು ಮಿಲಿಮೀಟರಿಗಿಂತ ತೆಳುವಾದ ಉಕ್ಕಿನ ತಗಡು ಒಂದು ಮಿತಿಯವರೆಗೆ ಬಾಗಿ ವಾಪಸು ಬರುತ್ತದೆ. ಮಿತಿ ದಾಟಿದರೆ ಬಾಗಿದ್ದು ಬಾಗಿದಂತೆಯೇ ನಿಲ್ಲುತ್ತದೆ, ಆ ಜಾಗ ಮೊದಲಿಗಿಂತ ಗಡುಸೂ ಆಗುತ್ತದೆ. ಹೇರ್ ಡ್ರೈಯರ್‌ನಿಂದ ಕಾಯಿಸಿ ಐಸ್ ಇಟ್ಟರೆ ನೆಗ್ಗು ಹೊರಬರುತ್ತದೆ ಎಂಬುದು ಅಗಲವಾದ, ಆಳವಿಲ್ಲದ, ಮಡಿಕೆ ಬೀಳದ ನೆಗ್ಗಿಗೆ ಕೆಲವೊಮ್ಮೆ ನಿಜ. ಚೂಪಾದ ನೆಗ್ಗಿಗೆ ಅದರಿಂದ ಏನೂ ಆಗದು. ಬಣ್ಣ ಒಡೆಯದಿದ್ದರೆ ಬಿಸಿ ಅಂಟಿನಿಂದ ಗುಂಡಿ ಅಂಟಿಸಿ ಹೊರಗಿನಿಂದ ಎಳೆಯುವ ವಿಧಾನ ಒಳ್ಳೆಯದು. ಪುಟ್ಟಿ ತುಂಬುವುದಾದರೆ ತೆಳುವಾಗಿರಲಿ. ದಪ್ಪಗೆ ಬಳಿದ ಪುಟ್ಟಿ ಬಿಸಿಲಿಗೆ ಉಕ್ಕಿಗಿಂತ ಬೇರೆ ಪ್ರಮಾಣದಲ್ಲಿ ಹಿಗ್ಗಿ ಬಿರುಕು ಬಿಡುತ್ತದೆ. ಗೀರು ಉಕ್ಕಿನವರೆಗೆ ಇಳಿದಿದ್ದರೆ ತಡಮಾಡಬೇಡಿ. ತುಕ್ಕು ಬಣ್ಣದ ಅಡಿಯಲ್ಲಿ ಹರಿದು ಹಬ್ಬುತ್ತದೆ. ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಲು ಮಾತ್ರ ಸಾಮಾನ್ಯ ಅಂಗಡಿಗೆ ಹೋಗಲೇಬೇಡಿ. ಪೆಟ್ರೋಲ್ ಆವಿ ಗಾಳಿಯಲ್ಲಿ ಶೇ. 1.4ರಿಂದ 7.6ರಷ್ಟು ಬೆರೆತಾಗ ಕಿಡಿ ತಾಗಿದರೆ ಸಿಡಿಯುತ್ತದೆ. ತುಂಬಿದ ಟ್ಯಾಂಕಿನಲ್ಲಿ ಆವಿ ಇದಕ್ಕಿಂತ ದಟ್ಟವಾಗಿರುತ್ತದೆ, ಖಾಲಿ ಮಾಡಿದ ಟ್ಯಾಂಕಿನಲ್ಲೇ ಈ ಅಪಾಯದ ಪ್ರಮಾಣ ಸುಲಭವಾಗಿ ಸಿಗುವುದು.

ಬಣ್ಣದ ವಿಷಯದಲ್ಲಿ ಎಲ್ಲರ ದೂರು ಒಂದೇ, ಕೋಡ್ ಸರಿಯಿದ್ದರೂ ಶೇಡ್ ಹೊಂದಲಿಲ್ಲ ಎಂದು. ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಮ್‌ನ ಸಣ್ಣ ಚಕ್ಕೆಗಳಿವೆ. ಅವು ಯಾವ ಕೋನದಲ್ಲಿ ಮಲಗಿದವು ಎಂಬುದರ ಮೇಲೆ ಹೊಳಪು ನಿಂತಿದೆ, ಸ್ಪ್ರೇ ಗಾಳಿಯ ಒತ್ತಡ ಬದಲಾದರೆ ಆ ಕೋನವೂ ಬದಲು. ಜೊತೆಗೆ ಹಳೆಯ ಬಣ್ಣ ಬಿಸಿಲಿಗೆ ಮಾಸಿರುತ್ತದೆ. ಆದ್ದರಿಂದ ಸಣ್ಣ ಕಲೆಗೂ ಆ ಪ್ಯಾನೆಲನ್ನು ಅಂಚಿನಿಂದ ಅಂಚಿಗೆ ಬಳಿಸುವುದು ಜಾಣತನ. ಗಟ್ಟಿಕಾರಕ ಬೆರೆಸುವ ಪಾಲಿಯುರೆಥೇನ್ ಬಣ್ಣದಲ್ಲಿ ಐಸೊಸಯನೇಟ್ ಇರುತ್ತದೆ, ಉಸಿರಿನೊಂದಿಗೆ ಒಳಗೆ ಹೋದರೆ ಆಸ್ತಮಾ ತರುತ್ತದೆ. ಕರ್ಚೀಫು ಕಟ್ಟಿಕೊಂಡು ಸ್ಪ್ರೇ ಮಾಡುವ ಹುಡುಗರನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ. ಬಟ್ಟೆ ಅದನ್ನು ತಡೆಯುವುದಿಲ್ಲ. ಸರಿಯಾದ ಮಾಸ್ಕ್ ಇರುವ ಅಂಗಡಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ಅದು ಸಾರ್ಥಕ.

ವಿಮೆ ಕೇಳುವ ಮುನ್ನ ಒಂದು ಲೆಕ್ಕ ಹಾಕಿ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳ ಬೆಲೆಗೆ ಶೇ. 50ರಷ್ಟು ಸವಕಳಿ ಕಳೆಯುತ್ತಾರೆ. ಕ್ಲೇಮ್ ಮಾಡಿದರೆ ಶೇ. 20ರಿಂದ 50ರವರೆಗೆ ಸಿಗುವ ನೋ ಕ್ಲೇಮ್ ಬೋನಸ್ ಕೂಡ ಕೈತಪ್ಪುತ್ತದೆ. ಒಂದು ಡೂಮಿಗಾಗಿ ಅದನ್ನು ಕಳೆದುಕೊಳ್ಳುವುದು ಬಹುತೇಕ ನಷ್ಟದ ಬಾಬತ್ತು.

ಇಲ್ಲಿಯವರೆಗೆ ಹೆಚ್ಚಾಗಿ ಉಳಿಸಿಕೊಳ್ಳಿ ಎಂದೇ ಹೇಳಿದೆ. ಲಿವರ್ ವಿಷಯದಲ್ಲಿ ಹಾಗೆ ಹೇಳಲಾರೆ. ಕ್ಲಚ್, ಬ್ರೇಕ್ ಲಿವರ್‌ಗಳು ಸಾಮಾನ್ಯವಾಗಿ ಎರಕದ ಅಲ್ಯೂಮಿನಿಯಮ್. ಈ ಲೋಹ ಒಮ್ಮೆ ಬಾಗುವುದನ್ನು ತಡೆದುಕೊಂಡೀತು, ಅದನ್ನು ತಿರುಗಿ ನೇರ ಮಾಡುವಾಗ ಒಳಗೆ ಸೂಕ್ಷ್ಮ ಬಿರುಕು ಹುಟ್ಟುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಡೂಮ್ ಸೀಳಿದರೆ ಅಂದ ಕೆಡುತ್ತದೆ. ಬ್ರೇಕ್ ಲಿವರ್ ಮುರಿಯುವುದು ಮಾತ್ರ ನೀವು ಅದನ್ನು ಜೀವ ಹಿಡಿದು ಅದುಮುವ ಗಳಿಗೆಯಲ್ಲೇ. ಹ್ಯಾಂಡಲ್ ಓರೆಯಾಗಿದ್ದರೆ ಫೋರ್ಕಿನ ಕ್ಲ್ಯಾಂಪ್ ಸಡಿಲಿಸಿ ನೇರ ಮಾಡಿ ಮತ್ತೆ ಬಿಗಿಸಬಹುದು. ಹ್ಯಾಂಡಲ್ ಕೊಳವೆಯೇ ಬಾಗಿದ್ದರೆ ಬದಲಿಸಿ. ಬಾಗಿದ ಲಿವರನ್ನು ಯಾರೇ ತಟ್ಟಿ ನೇರ ಮಾಡಿಕೊಡುತ್ತೇನೆಂದರೂ ಒಪ್ಪಬೇಡಿ, ಅದೇ ದಿನ ಹೊಸದು ಹಾಕಿಸಿ.